ಉದ್ದ ಸೂಜಿಯ ಪೈನ್ ಬೋನ್ಸಾಯ್: ಬಾಗಿಸಿದ ಮೇಲೆ ಕಾಣುವ ದೋಷಗಳು, ಅವುಗಳ ಮೂಲ ಮತ್ತು ಪರಿಹಾರ

ದಾಸವಾಳದ ಕೊಂಬೆ ಮುರಿದರೆ ಸಂಜೆಯೊಳಗೆ ಬಾಡಿ ತೋರಿಸುತ್ತದೆ. ಪೈನ್ ಹಾಗಲ್ಲ. ಒಳಗೆ ನೀರಿನ ದಾರಿ ಕಡಿದುಹೋದ ಕೊಂಬೆಯೂ ವಾರಗಟ್ಟಲೆ, ಚಳಿಯ ದಿನಗಳಲ್ಲಿ ತಿಂಗಳು ಎರಡು ತಿಂಗಳು ಹಸಿರಾಗಿಯೇ ಕಾಣುತ್ತಿರುತ್ತದೆ. ಹೀಗಾಗಿ ದೋಷ ಕಣ್ಣಿಗೆ ಬಿದ್ದ ವಾರದಲ್ಲಿ ಏನು ಮಾಡಿದ್ದೆವೋ ಅದನ್ನೇ ಕಾರಣವೆಂದು ಹಿಡಿದರೆ ಚಿಕಿತ್ಸೆ ತಪ್ಪುತ್ತದೆ. ಜನವರಿಯಲ್ಲಿ ಹಳದಿಯಾಯಿತೆಂದು ಗೊಬ್ಬರ ಹಾಕುತ್ತಾರೆ. ಕೆಟ್ಟಿದ್ದು ನವೆಂಬರಿನಲ್ಲಿ ಕೊಂಬೆ ಬಾಗಿಸಲು ತಂತಿ ಸುತ್ತಿದಾಗ, ಇಲ್ಲವೇ ಅದಕ್ಕೂ ಮೊದಲು ಆಶ್ಲೇಷ ಮಳೆಯಲ್ಲಿ ಬೇರು ಕೊಳೆತಾಗ. ಆದ್ದರಿಂದ ಈ ಕೈಪಿಡಿ ರೋಗದ ಹೆಸರಿನಿಂದ ಶುರುವಾಗುವುದಿಲ್ಲ. ಲಕ್ಷಣ ಗಿಡದ ಯಾವ ಭಾಗದಲ್ಲಿದೆ, ಬಾಗಿಸಿ ಎಷ್ಟು ದಿನಕ್ಕೆ ಕಂಡಿತು ಎಂಬ ಎರಡು ಪ್ರಶ್ನೆಗಳಿಂದ ಶುರುವಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಚಿರ್ ಪೈನ್ ಕುರಿತು. ಹಿಮಾಲಯದ ತಪ್ಪಲಿನಲ್ಲಿ, ಸುಮಾರು 500ರಿಂದ 2000 ಮೀಟರ್ ಎತ್ತರದ ಒಣ ಇಳಿಜಾರುಗಳಲ್ಲಿ ಬೆಳೆಯುವ ಮರ ಇದು. ಒಂದೊಂದು ಕಟ್ಟಿನಲ್ಲಿ ಮೂರು ಸೂಜಿ, ಸೂಜಿಯ ಉದ್ದ 20ರಿಂದ 30 ಸೆಂ.ಮೀ. ಮಳೆ ಅದಕ್ಕೆ ಹೊಸದಲ್ಲ. ಆದರೆ ಬಿದ್ದ ನೀರು ಇಳಿಜಾರಿನಲ್ಲಿ ಕ್ಷಣದಲ್ಲಿ ಹರಿದುಹೋಗುವ ಜಾಗದ ಗಿಡ ಅದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗೂ ಶಿಕಾರಿಪುರದವರಿಗೂ ಒಂದೇ ಸಲಹೆ ಹೊಂದುವುದಿಲ್ಲ ಎಂಬುದನ್ನು ಓದುವಾಗ ನೆನಪಿಟ್ಟುಕೊಳ್ಳಿ.

ಮೊದಲು, ಅದು ಪೈನ್ ಹೌದೇ?

ನರ್ಸರಿಯವರು ಸೂಜಿ ಎಲೆಯ ಗಿಡಕ್ಕೆಲ್ಲ ಪೈನ್ ಎನ್ನುವುದುಂಟು. ಒಂದು ಸೂಜಿಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗೆಣ್ಣು ಗೆಣ್ಣಾಗಿ ಬಿಚ್ಚಿಕೊಂಡರೆ ಅದು ಗಾಳಿಮರ. ಅದು ನೀರು ಬೇಡುತ್ತದೆ, ಬೋಳು ಕಟ್ಟಿಗೆಯಿಂದಲೂ ಚಿಗುರುತ್ತದೆ. ಕೆಳಗಿನ ಮಾತುಗಳು ಅದಕ್ಕೆ ಸಲ್ಲುವುದಿಲ್ಲ. ಕ್ರಿಸ್‌ಮಸ್ ಟ್ರೀ ಎಂದು ಮಾರುವ ಅರಾಕೇರಿಯಾದ ಕೊಂಬೆಗಳು ಸುತ್ತು ಸುತ್ತಾಗಿ ಅಂತಸ್ತಿನಂತೆ ಬರುತ್ತವೆ. ಅದನ್ನು ಬಾಗಿಸಿ ಬೋನ್ಸಾಯ್ ಮಾಡಲು ಹೊರಡುವುದು ವ್ಯರ್ಥ ಶ್ರಮ. ಮೂರು ಸೂಜಿ ಒಂದೇ ಕಂದು ಪೊರೆಯೊಳಗಿಂದ ಹೊರಟಿದ್ದು, ಕಿತ್ತ ಜಾಗದಲ್ಲಿ ರಾಳದ ವಾಸನೆ ಬಂದರೆ ಮುಂದಕ್ಕೆ ಓದಿ.

ಎಲ್ಲಿ, ಯಾವಾಗ

ಒಂದೇ ಕೊಂಬೆ ಮಂಕಾಗಿ, ಉಳಿದ ಗಿಡ ಚೆನ್ನಾಗಿದ್ದರೆ ತೊಂದರೆ ಆ ಕೊಂಬೆಯ ಬಾಗಿನಲ್ಲಿದೆ ಅಥವಾ ಅದರ ತಂತಿಯಲ್ಲಿದೆ. ಕುಂಡ ಮುಟ್ಟಬೇಡಿ.

ಇಡೀ ಗಿಡ ಸಮನಾಗಿ ಮಂಕಾಗಿದ್ದರೆ ಬೇರು ನೋಡಬೇಕು. ತಂತಿ ಬಿಚ್ಚಿ ಪ್ರಯೋಜನವಿಲ್ಲ.

ಕೊಂಬೆಗಳ ಒಳಭಾಗದ ಹಳೆಯ ಸೂಜಿ ಮಾತ್ರ ಹಳದಿಯಾಗಿ, ತುದಿಯ ಹೊಸ ಸೂಜಿ ಕಡುಹಸಿರಾಗಿದ್ದರೆ, ಅದೂ ಫೆಬ್ರವರಿಯಿಂದ ಮೇ ನಡುವೆ ಆಗಿದ್ದರೆ, ಅದು ದೋಷವೇ ಅಲ್ಲ. ಉತ್ತರಾಖಂಡದ ಕಾಡಿನಲ್ಲಿ ಚಿರ್ ಮರಗಳು ಬೇಸಗೆಯಲ್ಲಿ ಹಳೆಯ ಸೂಜಿ ಉದುರಿಸುತ್ತವೆ. ಅಲ್ಲಿನ ಕಾಳ್ಗಿಚ್ಚಿಗೆ ಆ ಒಣ ಸೂಜಿಯ ಹಾಸೇ ಮುಖ್ಯ ಉರುವಲು. ನಮ್ಮ ಅಂಗಳದ ಗಿಡವೂ ಅದನ್ನೇ ಮಾಡುತ್ತದೆ.

ಇದಕ್ಕೆ ತಿರುವಾಗಿ ಹೊಸ ಸೂಜಿ ಹಳದಿ, ಹಳೆಯದು ಹಸಿರು ಎಂದಾದರೆ ನೀರಿನ ಕಡೆ ನೋಡಿ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಬೋರ್‌ವೆಲ್ ನೀರಿನ ಸುಣ್ಣ ಕಬ್ಬಿಣದ ಅಂಶವನ್ನು ಗಿಡಕ್ಕೆ ಸಿಗದ ಹಾಗೆ ಮಾಡಿರುತ್ತದೆ. ಮಾಡಿನ ನೀರು ಹಿಡಿದಿಟ್ಟು ಹಾಕಿ. ಬೇಸಗೆಗೆ ಸಾಲದಿದ್ದರೆ ತಿಂಗಳಿಗೊಮ್ಮೆ ಚಿಲೇಟೆಡ್ ಕಬ್ಬಿಣ (ಗಿಡ ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ), ಲೀಟರಿಗೆ 1 ಗ್ರಾಂ.

ದಿನದ ಲೆಕ್ಕ ಹೀಗೆ: ಬಾಗಿಸಿದ ವಾರದೊಳಗೇ ಎಳೆಯ ಸುಳಿ ಬಗ್ಗಿ ಜೋತುಬಿದ್ದರೆ ಕೊಂಬೆ ಆಳವಾಗಿ ಸೀಳಿದೆ ಅಥವಾ ಬೇರು ಮೊದಲೇ ಕೆಟ್ಟಿತ್ತು. ಮೂರರಿಂದ ಎಂಟು ವಾರಕ್ಕೆ ಸೂಜಿಯ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದರೆ ತೊಗಟೆ ಒಳಗಿನಿಂದ ಬಿಟ್ಟುಕೊಂಡಿದೆ. ಮುಂದಿನ ಮಳೆಗಾಲದಲ್ಲಿ ಕಂಡರೆ ತಂತಿ ಕಚ್ಚಿದೆ, ಅಥವಾ ಸುತ್ತಿದ ನಾರು ಒದ್ದೆಯಲ್ಲಿ ಕೊಳೆತಿದೆ.

ಒಂದೇ ಕೊಂಬೆ ಮಂಕಾಗಿದೆ

ಬಣ್ಣಕ್ಕಿಂತ ಮೊದಲು ಹೋಗುವುದು ಹೊಳಪು. ಒಂದು ಕಟ್ಟು ಸೂಜಿಯನ್ನು ಬೆರಳಿಗೆ ಸುತ್ತಿ ಬಿಡಿ. ಜೀವವಿರುವ ಸೂಜಿ ಪುಟಿದು ನೆಟ್ಟಗಾಗುತ್ತದೆ, ತಣ್ಣಗಿರುತ್ತದೆ. ಸಾಯುತ್ತಿರುವುದು ಸುತ್ತಿದ ಆಕಾರದಲ್ಲೇ ಸ್ವಲ್ಪ ಉಳಿಯುತ್ತದೆ, ಮುಟ್ಟಿದರೆ ಕಾಗದದಂತಿರುತ್ತದೆ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆಯುವ ಪರೀಕ್ಷೆ ಮಾಡಿ, ಆದರೆ ಒಂದೇ ಕಡೆ ಅಲ್ಲ. ಬಾಗಿನ ಹಿಂದೆ, ಅಂದರೆ ಕಾಂಡದ ಕಡೆ ಒಂದು. ಬಾಗು ದಾಟಿ ತುದಿಯ ಕಡೆ ಒಂದು. ಅಕ್ಕಿಕಾಳಿನಷ್ಟು ಅಗಲ ಸಾಕು. ಎರಡೂ ಕಡೆ ತಿಳಿಹಸಿರು ತೇವ ಕಂಡರೆ ಕೊಂಬೆ ಬದುಕಿದೆ, ಕಾಯಿರಿ. ಹಿಂದೆ ಹಸಿರು, ಮುಂದೆ ಕಂದು ಎಂದಾದರೆ ಬಾಗಿನಲ್ಲೇ ಕಡಿದಿದೆ. ಎರಡೂ ಕಡೆ ಕಂದಾದರೆ ಕೊಂಬೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಸೀಳಿದೆ. ಇದು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ, ಕನ್ನಡಿ ಹಿಡಿದು ಕೆಳಗಿನಿಂದ ನೋಡಿದರೆ ರಾಳದ ಗೆರೆ ಸಿಗುತ್ತದೆ.

ಬಾಗಿನಲ್ಲಿ ಕೊಂಬೆ ಸಾಯಲು ಸಾಮಾನ್ಯ ಕಾರಣ ಮುರಿತವಲ್ಲ, ತೊಗಟೆ ಜಾರುವುದು. ಗಿಡ ಜೋರಾಗಿ ಬೆಳೆಯುವ ಹೊತ್ತಿನಲ್ಲಿ ತೊಗಟೆಗೂ ಕಟ್ಟಿಗೆಗೂ ನಡುವಿನ ಪದರ ಮೆತ್ತಗೆ, ಲೋಳೆಯಾಗಿ ಇರುತ್ತದೆ. ಆಗ ಕೊಂಬೆಯನ್ನು ತಿರುಚಿದರೆ ಕಟ್ಟಿಗೆ ಒಂದು ಕಡೆ, ತೊಗಟೆ ಇನ್ನೊಂದು ಕಡೆ. ಹೊರಗೆ ಒಂದು ಗೀರೂ ಕಾಣದು. ಮಲೆನಾಡಿನಲ್ಲಿ ಈ ಅಪಾಯ ಸುಳಿ ಓಡುವ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಹೆಚ್ಚು, ಮತ್ತೆ ಮೊದಲ ಮಳೆ ಬಿದ್ದು ಗಿಡ ಚೇತರಿಸಿಕೊಳ್ಳುವ ಮೃಗಶಿರ, ಆರಿದ್ರಾ ಮಳೆಗಳಲ್ಲಿ. ಹಿಮಾಲಯದ ಚಳಿ ನಮ್ಮಲ್ಲಿ ಇಲ್ಲದ್ದರಿಂದ ಗಿಡ ಪೂರ್ತಿ ನಿದ್ದೆ ಹೋಗುವುದಿಲ್ಲ. ಆದರೂ ಸ್ವಾತಿ ಮಳೆ ಮುಗಿದು ಇಬ್ಬನಿ ಶುರುವಾದಾಗಿನಿಂದ ಸಂಕ್ರಾಂತಿ ತನಕ ಅದರ ಓಟ ನಿಧಾನ. ದೊಡ್ಡ ಬಾಗುಗಳನ್ನೆಲ್ಲ ಆ ಎರಡೂವರೆ ತಿಂಗಳಲ್ಲೇ ಮಾಡಿ. ಖಾತ್ರಿಗೆ, ತೆಗೆಯಬೇಕೆಂದಿರುವ ಒಂದು ಸಣ್ಣ ಕಡ್ಡಿಯನ್ನು ಕತ್ತರಿಸಿ ತೊಗಟೆ ಸುಲಿದು ನೋಡಿ. ಬಾಳೆಹಣ್ಣಿನ ಸಿಪ್ಪೆಯಂತೆ ನುಣುಪಾಗಿ ಬಂದರೆ ಇವತ್ತು ಬಾಗಿಸುವ ದಿನವಲ್ಲ. ಕಟ್ಟಿಗೆಗೆ ಅಂಟಿಕೊಂಡು ಚೂರು ಚೂರಾಗಿ ಬಂದರೆ ಕೆಲಸ ಮಾಡಬಹುದು.

ಇನ್ನೊಂದು ಕಾರಣ ಸೂಜಿ ಅತಿಯಾಗಿ ಕಿತ್ತಿದ್ದು. ಉದ್ದ ಸೂಜಿಯ ನಡುವೆ ತಂತಿ ಸುತ್ತುವುದು ಕಷ್ಟ, ಹಾಗಾಗಿ ಕೈಗೆ ಬಂದಷ್ಟು ಕಿತ್ತುಬಿಡುತ್ತಾರೆ. ಪ್ರತಿ ತುದಿಯಲ್ಲಿ ಕನಿಷ್ಠ 8ರಿಂದ 10 ಕಟ್ಟು ಸೂಜಿ ಉಳಿಯಲೇಬೇಕು. ಸೂಜಿಯಿಲ್ಲದ ಪೈನ್ ಕೊಂಬೆ ನೀರು ಎಳೆಯುವುದಿಲ್ಲ, ಎಳೆಯದ ಕೊಂಬೆಯನ್ನು ಗಿಡ ಬಿಟ್ಟುಕೊಡುತ್ತದೆ. ಕೀಳುವ ಬದಲು ಪೊರೆಯಿಂದ ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿದರೆ ಆ ಬುಡದಲ್ಲಿ ಮೊಗ್ಗು ಬರುವ ಸಾಧ್ಯತೆಯೂ ಉಳಿಯುತ್ತದೆ. ತಂತಿಯ ಕೆಳಗೆ ಸೂಜಿ ಸಿಕ್ಕಿಹಾಕಿಕೊಂಡರೆ ಅಲ್ಲೇ ಕೊಳೆತು ಶಿಲೀಂಧ್ರಕ್ಕೆ ಮನೆಯಾಗುತ್ತದೆ. ಸುತ್ತುವಾಗಲೇ ಒಂದೊಂದು ಸುತ್ತಿಗೂ ಹೊರಗೆಳೆದು ಮುಂದುವರಿಯಿರಿ.

ತುದಿ ಮಾತ್ರ ಸೊರಗುತ್ತಿದ್ದರೆ ಅದು ಯಾವ ದಿಕ್ಕಿಗಿದೆ ನೋಡಿ. ಕೊಂಬೆ ಎಷ್ಟು ಬೇಕಾದರೂ ಕೆಳಗಿಳಿಯಲಿ, ಕೊನೆಯ 2-3 ಸೆಂ.ಮೀ. ಮೇಲ್ಮುಖವಾಗಿರಬೇಕು. ನೆಲ ನೋಡುವ ಸುಳಿ ಬಲ ಕಳೆದುಕೊಳ್ಳುತ್ತದೆ. ಬೆರಳಿನಿಂದ ಎತ್ತಿ ಕೂರಿಸಿದರೆ ಮುಂದಿನ ಚಿಗುರಿಗೆ ಸರಿಹೋಗುತ್ತದೆ. ತಂತಿ ಸುತ್ತಿದ ಮೊದಲ ವಾರಗಳಲ್ಲಿ ಸೂಜಿಗಳು ತಲೆಕೆಳಗಾಗಿ, ತಿಳಿಬಣ್ಣದ ಹಿಂಬದಿ ತೋರಿಸುತ್ತಾ ನಿಂತರೆ ಹೆದರಬೇಡಿ. ಅವು ತಾವಾಗಿ ಬೆಳಕಿನ ಕಡೆ ತಿರುಗಿಕೊಳ್ಳುತ್ತವೆ.

ಬಾಗಿಸುವಾಗ ಚಟ್ ಎಂದಿತು

ಕೈ ನಿಲ್ಲಿಸಿ, ಆದರೆ ಬಿಡಬೇಡಿ. ಗಾಬರಿಯಿಂದ ಕೊಂಬೆಯನ್ನು ಮೊದಲಿನ ಸ್ಥಿತಿಗೆ ಮರಳಿಸಿದರೆ ಸೀಳಿದ ಎಳೆಗಳು ಒಂದಕ್ಕೊಂದು ಅಡ್ಡ ಸಿಕ್ಕಿ ಹಾನಿ ಇಮ್ಮಡಿಯಾಗುತ್ತದೆ. ಸೀಳಿನ ತುಟಿಗಳು ಕೂಡುವಷ್ಟು ಮಾತ್ರ ಹಿಂದಕ್ಕೆ ಸಡಿಲಿಸಿ, ಅಲ್ಲೇ ಹಗ್ಗದಿಂದ ಕಟ್ಟಿ ನಿಲ್ಲಿಸಿ. ಆಮೇಲೆ ಅಳತೆ ನೋಡಿ.

ಬಾಗಿನ ಹೊರಮೈಯಲ್ಲಿ, ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ಸೀಳಿದ್ದರೆ, ಒಳಮೈಯ ತೊಗಟೆ ಅಖಂಡವಾಗಿದ್ದರೆ, ಆ ಕೊಂಬೆ ಸಾಮಾನ್ಯವಾಗಿ ಬದುಕುತ್ತದೆ. ಸೀಳಿನ ಮೇಲೆ ತೆಳುವಾಗಿ ಕಟ್ ಪೇಸ್ಟ್ (ಗಾಯ ಮುಚ್ಚುವ ಲೇಪ) ಅಥವಾ ವ್ಯಾಸಲೀನ್ ಹಚ್ಚಿ, ಗ್ರಾಫ್ಟಿಂಗ್ ಟೇಪಿನಿಂದ ಬಿಗಿಯಾಗಿ ಸುತ್ತಿ, ಒಂದು ವರ್ಷ ಮುಟ್ಟಬೇಡಿ. ಗಾಯಕ್ಕೆ ಸಗಣಿ, ಕೆಮ್ಮಣ್ಣು ಮೆತ್ತುವ ರೂಢಿ ನಮ್ಮಲ್ಲಿದೆ. ಪೈನ್‌ಗೆ ಅದು ಬೇಡ: ಅದರ ಗಾಯವನ್ನು ರಾಳವೇ ಮುಚ್ಚುತ್ತದೆ, ಸಗಣಿ ಒದ್ದೆ ಹಿಡಿದಿಟ್ಟುಕೊಂಡು ಕೊಳೆಸುತ್ತದೆ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ತೊಗಟೆ ಹರಿದಿದ್ದರೆ ಆಸೆ ಕಡಿಮೆ. ಆದರೂ ಕತ್ತರಿಸಬೇಡಿ, ಕಟ್ಟಿ ನೆರಳಿನಲ್ಲಿಡಿ, ಮುಂದಿನ ಸುಳಿ ಬರುವ ತನಕ ಅವಕಾಶ ಕೊಡಿ.

ಯಾಕೆ ಸೀಳಿತು ಎಂಬುದಕ್ಕೆ ಉತ್ತರ ಬಹುಪಾಲು ಈ ಕೆಳಗಿನವುಗಳಲ್ಲೇ ಸಿಗುತ್ತದೆ.

ತಂತಿ ಬಾಗಿನ ಹೊರಮೈ ಮೇಲೆ ಹಾದುಹೋಗಿರಲಿಲ್ಲ. ಬಾಗಿನ ಹೊರಗಿನ ಎಳೆಗಳು ಹಿಗ್ಗುತ್ತವೆ, ಒಳಗಿನವು ಕುಗ್ಗುತ್ತವೆ. ಹಿಗ್ಗುವ ಕಡೆ ತಂತಿಯ ಆಸರೆ ಬೇಕು. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೇ ಒಂದು ಭಾಗ ಎಂಬುದು ಅಲ್ಯೂಮಿನಿಯಂಗೆ ಸರಿಯಾದ ಅಂದಾಜು: 1 ಸೆಂ.ಮೀ. ಕೊಂಬೆಗೆ 3ರಿಂದ 3.5 ಮಿ.ಮೀ. ಸಾಲದಿದ್ದರೆ ಅದೇ ದಪ್ಪದ ಇನ್ನೊಂದನ್ನು ಪಕ್ಕದಲ್ಲಿ ಓಡಿಸಿ, ಒಂದರ ಮೇಲೊಂದು ದಾಟಿಸಬೇಡಿ. ತಾಮ್ರವಾದರೆ ಇನ್ನೂ ತೆಳ್ಳಗಿನದು ಸಾಕು, ಆದರೆ ಅದನ್ನು ಬೆಂಕಿಯಲ್ಲಿ ಮಂದ ಕೆಂಪಾಗುವಷ್ಟು ಕಾಯಿಸಿ ಮೆತ್ತಗೆ ಮಾಡಿರಬೇಕು. ಭತ್ತದ ಹುಲ್ಲಿನ ಬೆಂಕಿ ಇದಕ್ಕೆ ಹದವಾದದ್ದು. ಕಾಯಿಸಿದ ತಾಮ್ರವನ್ನು ಒಮ್ಮೆ ಬಗ್ಗಿಸಿದರೆ ಗಟ್ಟಿಯಾಗುತ್ತದೆ. ಹಾಕಿ ತೆಗೆದು ಮತ್ತೆ ಹಾಕಿದರೆ ಅದು ಕೊಂಬೆಯ ಮಾತು ಕೇಳುವುದಿಲ್ಲ, ಕೊಂಬೆಯೇ ಅದರ ಮಾತು ಕೇಳಬೇಕಾಗುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯ ಎನಾಮೆಲ್ ತಂತಿಯನ್ನು ಬಳಸುವುದಾದರೆ ಲೇಪ ಪೂರ್ತಿ ಸುಟ್ಟುಹೋಗುವ ತನಕ ಕಾಯಿಸಿ. ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಿ.

ಸುತ್ತಿದ ದಿಕ್ಕು ತಪ್ಪಿತ್ತು. ಕೊಂಬೆಯನ್ನು ಬಲಕ್ಕೆ ತಿರುಚುವುದಿದ್ದರೆ ತಂತಿಯನ್ನೂ ಬಲಕ್ಕೇ ಸುತ್ತಿರಬೇಕು. ಆಗ ತಿರುಚಿದಷ್ಟೂ ತಂತಿ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ವಿರುದ್ಧ ಸುತ್ತಿದ್ದರೆ ತಿರುಚುವಾಗ ತಂತಿ ಸಡಿಲವಾಗಿ ಆಸರೆ ತಪ್ಪುತ್ತದೆ. ನೇರವಾಗಿ ಬಗ್ಗಿಸುವುದಕ್ಕಿಂತ ಮೊದಲು ತುಸು ತಿರುಚಿ, ಆಮೇಲೆ ಬಗ್ಗಿಸುವುದು ಪೈನ್ ಕೆಲಸದ ಜೀವಾಳ. ತಿರುಚಿದಾಗ ಎಳೆಗಳು ಉದ್ದಕ್ಕೆ ಒಂದರಿಂದ ಒಂದು ಸ್ವಲ್ಪ ಬಿಡಿಸಿಕೊಳ್ಳುತ್ತವೆ. ಗಟ್ಟಿ ಕೋಲಿನಂತಿದ್ದದ್ದು ಹಗ್ಗದ ಕಟ್ಟಿನಂತಾಗಿ ಬಾಗಲು ಒಪ್ಪುತ್ತದೆ.

ಹಿಂದಿನ ದಿನ ನೀರು ಹಾಕಿದ್ದರು. ನೀರು ತುಂಬಿಕೊಂಡ ಕೊಂಬೆ ಬಿರುಸು. ಬಾಗಿಸುವ ಮುನ್ನ ಒಂದು ದಿನ, ಹವೆ ತಂಪಾಗಿದ್ದರೆ ಎರಡು ದಿನ ನೀರು ನಿಲ್ಲಿಸಿ. ಮಣ್ಣು ಮೇಲಿನಿಂದ ಒಂದು ಅಂಗುಲ ಒಣಗಿರಲಿ, ಪೂರ್ತಿ ಒಣಗಬಾರದು. ಕೆಲಸ ಮುಗಿದ ಮೇಲೆ ಹಾಕಿ.

ದಪ್ಪ ಕೊಂಬೆಗೆ ಕವಚ ಇರಲಿಲ್ಲ. 1.5 ಸೆಂ.ಮೀ. ದಾಟಿದ ಯಾವ ಕೊಂಬೆಗೂ ತಂತಿಗೆ ಮೊದಲು ನಾರಿನ ಸುತ್ತು ಬೇಕು. ಹೊರದೇಶದವರು ರಾಫಿಯಾ ಎಂಬ ತಾಳೆಜಾತಿಯ ನಾರು ಬಳಸುತ್ತಾರೆ. ನಮಗೆ ಬಾಳೆಪಟ್ಟೆಯ ನಾರು ಇದೆ, ಹೂಕಟ್ಟಲು ಬಳಸುವುದೇ. ಅಗಲವಾಗಿ ಸೀಳಿದ ಒಣ ನಾರನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಅರ್ಧ ಅಗಲ ಒಂದರ ಮೇಲೊಂದು ಬರುವಂತೆ, ಎಳೆದು ಬಿಗಿಯಾಗಿ ಎರಡು ಪದರ ಸುತ್ತಿ. ಮೇಲೆ ಸೈಕಲ್ ಟ್ಯೂಬಿನ 2 ಸೆಂ.ಮೀ. ಪಟ್ಟಿ ಒಂದು ಪದರ. ಸುತ್ತು ಬಾಗಿನ ಜಾಗದಿಂದ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಮುಂದಕ್ಕೆ ಹೋಗಿರಲಿ. ಒಂದು ಎಚ್ಚರಿಕೆಯನ್ನು ಮಲೆನಾಡಿನವರು ಮರೆಯುವಂತಿಲ್ಲ: ಈ ಕವಚ ರೋಹಿಣಿ ಮಳೆಗೆ ಮೊದಲು ಬಿಚ್ಚಿರಬೇಕು. ಬಿಟ್ಟರೆ ಟ್ಯೂಬಿನೊಳಗೆ ನಾರು ನಾಲ್ಕು ತಿಂಗಳು ಒದ್ದೆಯಾಗಿಯೇ ಇದ್ದು ಕೊಳೆಯುತ್ತದೆ, ಇರುವೆ ಗೂಡು ಮಾಡುತ್ತದೆ, ತೊಗಟೆ ಕಪ್ಪಾಗುತ್ತದೆ. ನವೆಂಬರಿನಲ್ಲಿ ಕಟ್ಟಿದ್ದನ್ನು ಮೇ ಮೂರನೇ ವಾರ ಬಿಚ್ಚಿ, ಆ ಸ್ಥಾನವನ್ನು ಎಳೆತಂತಿಯಿಂದ, ಅಂದರೆ ಕೊಂಬೆಗೆ ಸುತ್ತದೆ ಒಂದೇ ಬಿಂದುವಿನಲ್ಲಿ ಎಳೆದು ಕಟ್ಟುವ ತಂತಿಯಿಂದ, ಹಿಡಿದಿಡಿ.

ಅವಸರ. 2.5 ಸೆಂ.ಮೀ. ಮೀರಿದ ಕೊಂಬೆ ಅಥವಾ ಕಾಂಡವನ್ನು ಒಂದೇ ದಿನ ಬಾಗಿಸಲು ಹೋಗಬಾರದು. ಬುಡಕ್ಕೆ 8 ಮಿ.ಮೀ. ಕಂಬಿಯನ್ನು ಬೆನ್ನಿಗೆ ಕಟ್ಟಿ, 1.5 ಮಿ.ಮೀ. ಎಳೆತಂತಿಗೆ ಸಣ್ಣ ಟರ್ನ್‌ಬಕಲ್ (ತಿರುಗಿಸಿದರೆ ತಂತಿ ಬಿಗಿಯಾಗುವ ತಿರುಪು) ಸೇರಿಸಿ, 15 ದಿನಕ್ಕೊಮ್ಮೆ ಅರ್ಧ ಸುತ್ತು ಬಿಗಿ ಮಾಡಿ. ಎಳೆತಂತಿ ಕೊಂಬೆಗೆ ತಾಗುವಲ್ಲಿ ಡ್ರಿಪ್ ಪೈಪಿನ ತುಂಡು ಹಾಕಿ. ಕೈಯಿಂದ ಬಾಗಿಸುವಾಗ ಎರಡೂ ಹೆಬ್ಬೆರಳು ಬಾಗಿನ ಒಳಮೈಗೆ ಪಕ್ಕಪಕ್ಕ ಒತ್ತಿಕೊಂಡಿರಲಿ, ಉಳಿದ ಬೆರಳು ಹೊರಮೈಯನ್ನು ಪೂರ್ತಿ ಅಪ್ಪಿರಲಿ. ಸೀಳುವುದಕ್ಕೆ ಮೊದಲು ಕೊಂಬೆ ಸಣ್ಣಗೆ ಕರಕರ ಎನ್ನುತ್ತದೆ, ಅದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಕೆಲಸ ಮಾಡುವಾಗ ರೇಡಿಯೊ ಆಫ್ ಮಾಡಿ ಎಂದು ನಾವು ಹೇಳುವುದು ಇದಕ್ಕೇ.

ತಂತಿ ಬಿಚ್ಚಿದ ಮೇಲೆ ಕೊಂಬೆ ಮೇಲೆದ್ದಿತು

ಉದ್ದ ಸೂಜಿಯ ಪೈನ್‌ಗಳ ಮೇಲೆ ಹೆಚ್ಚು ಕೇಳಿಬರುವ ದೂರು ಇದೇ. ಕೊಂಬೆ ಸುಲಭವಾಗಿ ಬಾಗುತ್ತದೆ, ಅಷ್ಟೇ ಸುಲಭವಾಗಿ ಮರಳುತ್ತದೆ. ಬಾಗು ನಿಲ್ಲುವುದು ತಂತಿಯಿಂದಲ್ಲ. ಬಾಗಿದ ಸ್ಥಿತಿಯಲ್ಲಿ ಕೊಂಬೆ ಹೊಸ ಕಟ್ಟಿಗೆಯ ಪದರ ಹಾಕಿಕೊಂಡಾಗ. ಸೊರಗಿದ ಗಿಡ ಆ ಪದರ ಹಾಕುವುದಿಲ್ಲ, ಹಾಗಾಗಿ ಮೂರು ವರ್ಷ ತಂತಿಯಲ್ಲಿದ್ದರೂ ಬಾಗು ಕೂರುವುದಿಲ್ಲ. ಮತ್ತೊಂದು ಸಂಗತಿ ಸೂಜಿ ಎಲೆಯ ಮರಗಳದ್ದೇ: ಕೆಳಗಿಳಿದ ಕೊಂಬೆಯ ಅಡಿಭಾಗದಲ್ಲಿ ಅವು ಒತ್ತುವ ಗುಣದ ಗಟ್ಟಿ ಕಟ್ಟಿಗೆ ಬೆಳೆಸಿ ಕೊಂಬೆಯನ್ನು ಮೇಲಕ್ಕೆ ನೂಕುತ್ತವೆ. ಗಿಡ ನಿಮ್ಮ ಬಾಗಿನ ವಿರುದ್ಧ ದುಡಿಯುತ್ತಿದೆ ಎಂದೇ ತಿಳಿದು ಲೆಕ್ಕ ಹಾಕಿ.

ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಇಳಿಸಿ, ಕಿರುಬೆರಳಿನ ದಪ್ಪದ ಕೊಂಬೆಗೆ 10ರಿಂದ 15 ಡಿಗ್ರಿ. ಎರಡು ಮಳೆಗಾಲ ದಾಟುವ ತನಕ ಏನಾದರೊಂದು ಹಿಡಿತ ಇರಲಿ. ಸುತ್ತಿದ ತಂತಿಯನ್ನು ಮೊದಲ ಮಳೆಗಾಲದಲ್ಲಿ ತೆಗೆಯಬೇಕಾಗಿ ಬಂದರೆ ಎಳೆತಂತಿ ಹಾಕಿ. ಒಂದೇ ಬಿಂದುವಿನಲ್ಲಿ ಹಿಡಿಯುವ ಎಳೆತಂತಿ ಕಚ್ಚುವ ಭಯವಿಲ್ಲದೆ ವರ್ಷಗಟ್ಟಲೆ ಇರಬಹುದು. ತಂತಿ ಬಿಚ್ಚಿದ ದಿನವೇ ಕೊಂಬೆಯ ತುದಿಯಿಂದ ಕುಂಡದ ಅಂಚಿಗೆ ಎಷ್ಟು ಸೆಂ.ಮೀ. ಎಂದು ಅಳೆದು ಬರೆದಿಡಿ, ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಕಣ್ಣಿನ ನೆನಪು ನಂಬಲು ಬಾರದು.

ತಂತಿ ಕಚ್ಚಿದೆ

ಜೂನ್‌ನಿಂದ ಸೆಪ್ಟೆಂಬರ್ ತನಕ 15 ದಿನಕ್ಕೊಮ್ಮೆ, ಅದೂ ಕೊಂಬೆಯ ಬುಡದ ಕಡೆ ಮತ್ತು ತಲೆಯ ಹತ್ತಿರದ ಚುರುಕು ಕೊಂಬೆಗಳಲ್ಲಿ ನೋಡಿ. ಅಲ್ಲಿ ಬೇಗ ದಪ್ಪಗಾಗುತ್ತದೆ. ಕಚ್ಚಿದ ತಂತಿಯನ್ನು ಬಿಚ್ಚಬೇಡಿ, ಸುತ್ತು ಸುತ್ತಿಗೂ ಕಟರ್‌ನಿಂದ ತುಂಡರಿಸಿ ತೆಗೆಯಿರಿ. ಎಳೆಯ ಕೊಂಬೆಯ ಗುರುತು ತೊಗಟೆ ಬಿರುಕುಗಟ್ಟಿ ಹಕ್ಕಳೆಯೆದ್ದಂತೆ ಮರೆಯಾಗುತ್ತದೆ. ತಂತಿ ಪೂರ್ತಿ ಒಳಗೆ ಹೂತುಹೋಗಿದ್ದರೆ ಕೆದಕಿ ಗಾಯ ಮಾಡುವುದಕ್ಕಿಂತ ಅಲ್ಲೇ ಬಿಡುವುದು ಲೇಸು.

ಇಡೀ ಗಿಡ ಹಳದಿ: ಬೇರು

ಮೊದಲು ನೀರಿನ ಪರೀಕ್ಷೆ. ಒಂದು ಅಡಿ ಅಗಲದ ಕುಂಡಕ್ಕೆ ಒಂದು ಲೀಟರ್ ನೀರು ಸುರಿಯಿರಿ. ಹತ್ತು ಸೆಕೆಂಡಿನೊಳಗೆ ಮೇಲಿನಿಂದ ಮಾಯವಾಗಿ ಕೆಳಗಿನ ತೂತಿನಲ್ಲಿ ಹರಿಯಬೇಕು. ಮೇಲೆ ನಿಂತರೆ ಮಣ್ಣು ಕಟ್ಟಿಕೊಂಡಿದೆ. ಕೆಂಪುಮಣ್ಣು, ಸಗಣಿಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿದ ನರ್ಸರಿ ಮಿಶ್ರಣ ಮಲೆನಾಡಿನ ಮಳೆಯಲ್ಲಿ ಪೈನ್‌ಗೆ ಕಂಟಕ.

ಆಮೇಲೆ ಕುಂಡದ ಒಂದು ಅಂಚಿನಲ್ಲಿ ಬಿದಿರು ಕಡ್ಡಿಯಿಂದ ಸ್ವಲ್ಪ ತೆಗೆದು ಬೇರು ನೋಡಿ. ಬಿಳಿಯ ಬೂಷ್ಟಿನಂಥ ಎಳೆಗಳು ಬೇರನ್ನು ಸುತ್ತಿಕೊಂಡಿದ್ದು, ಅಣಬೆಯ ವಾಸನೆ ಬಂದರೆ ಸಂತೋಷಪಡಿ: ಅದು ಪೈನ್‌ಗೆ ನೀರು, ರಂಜಕ ಒದಗಿಸುವ ಬೇರು ಶಿಲೀಂಧ್ರ. ರೋಗವೆಂದು ತೊಳೆಯುವವರಿದ್ದಾರೆ, ಔಷಧಿ ಸುರಿಯುವವರೂ ಇದ್ದಾರೆ. ಎರಡೂ ಗಿಡಕ್ಕೆ ಘಾತ. ಅದೇ ಬಿಳುಪು ಎಳೆಯಾಗಿರದೆ ಹತ್ತಿಯ ಉಂಡೆಯಂತಿದ್ದು, ಹಿಸುಕಿದರೆ ಅಂಟಾಗಿ, ಸುತ್ತ ಇರುವೆ ಓಡಾಡುತ್ತಿದ್ದರೆ ಅದು ಬೇರಿನ ಹಿಟ್ಟು ತಿಗಣೆ. ಕಾಳುಮೆಣಸು, ಕಾಫಿ ಬೆಳೆದವರಿಗೆ ಇದು ಗೊತ್ತಿರುವ ಪೀಡೆ. ಬೇರು ಕಪ್ಪಾಗಿ, ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಕೊಳೆ.

ಕೊಳೆ ಸಿಕ್ಕಾಗ ತಂತಿ, ಕತ್ತರಿ, ಗೊಬ್ಬರ ಎಲ್ಲವನ್ನೂ ನಿಲ್ಲಿಸಿ. ಮಳೆಗಾಲದ ನಡುವೆ ಕುಂಡ ಬದಲಿಸುವುದು ಅಪಾಯ. ಪಾರದರ್ಶಕ ಶೀಟು ಹೊದಿಸಿದ, ಪಕ್ಕಗಳು ತೆರೆದ ಅಡಿಕೆ ಚಪ್ಪರದ ಅಂಚಿನಂಥ ಜಾಗಕ್ಕೆ ಸಾಗಿಸಿ. ಕುಂಡದ ಒಂದು ಬದಿಗೆ 4 ಸೆಂ.ಮೀ. ದಪ್ಪದ ತುಂಡು ಕೊಟ್ಟು ಓರೆ ಮಾಡಿದರೆ ತಳದಲ್ಲಿ ನಿಲ್ಲುವ ನೀರು ಒಂದು ಮೂಲೆಗೆ ಬಂದು ಇಳಿದುಹೋಗುತ್ತದೆ. ಇಷ್ಟರಿಂದಲೇ ಉಳಿದ ಗಿಡಗಳು ಬಹಳ.

ಕುಂಡ ಬದಲಿಸುವ ಸಮಯ ಸಂಕ್ರಾಂತಿ ಕಳೆದು ಸುಳಿ ಉಬ್ಬುವಾಗ, ಶಿವರಾತ್ರಿಯೊಳಗೆ. ಗಟ್ಟಿ ಜಂಬಿಟ್ಟಿಗೆ ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆಯ 3ರಿಂದ 6 ಮಿ.ಮೀ. ಚೂರು ಎರಡು ಪಾಲು, ಅದೇ ಗಾತ್ರದ ಕಲ್ಲಿನ ಹರಳು ಒಂದು ಪಾಲು, ಇದ್ದಿಲ ಚೂರು ಅರ್ಧ ಪಾಲು. ದೂಳನ್ನೆಲ್ಲ ಜರಡಿ ಹಿಡಿದು ತೊಳೆದಿರಬೇಕು. ಜಂಬಿಟ್ಟಿಗೆ ಎಲ್ಲವೂ ಒಂದೇ ಅಲ್ಲ. ಒಂದು ಹಿಡಿ ಚೂರನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಅಂಗೈಯಲ್ಲಿ ಉಜ್ಜಿ. ಕೆಸರಾದರೆ ಒಂದೇ ಮಳೆಗಾಲದಲ್ಲಿ ಕುಂಡದ ತಳ ಕಟ್ಟುತ್ತದೆ, ಅದು ಬೇಡ. ಬೇರನ್ನು ಬೆತ್ತಲೆ ತೊಳೆಯಬೇಡಿ: ಈ ಸಲ ಅರ್ಧ ಬದಿಯ ಹಳೆ ಮಣ್ಣು, ಎರಡು ವರ್ಷ ಬಿಟ್ಟು ಇನ್ನರ್ಧ. ಶಿಲೀಂಧ್ರವಿರುವ ಹಳೆ ಮಣ್ಣಿನ ಒಂದು ಹಿಡಿ ಹೊಸದಕ್ಕೆ ಸೇರಿಸಿ. ಕುಂಡ ಬದಲಿಸಿದ ವರ್ಷ ಬಾಗಿಸುವ ಕೆಲಸ ಇಲ್ಲ, ಬಾಗಿಸಿದ ವರ್ಷ ಕುಂಡ ಬದಲಿಸುವುದಿಲ್ಲ. ಇದರಲ್ಲಿ ರಿಯಾಯಿತಿ ಬೇಡ.

ಸೂಜಿಯ ಮೇಲೆ ಪಟ್ಟೆ, ಚುಕ್ಕೆ

ಮಳೆಗಾಲದಲ್ಲಿ ಕೆಳಗಿನ ಸೂಜಿಗಳ ಮೇಲೆ ಹಳದಿ ಪಟ್ಟೆ ಮೂಡಿ, ಅದು ಕಂದಾಗಿ, ಮೇಲೆ ಕರಿಯ ಚುಕ್ಕೆ ಸಾಲಾಗಿ ಕಂಡರೆ ಸೂಜಿ ಅಂಗಮಾರಿ. ಸರ್ಕೋಸ್ಪೊರಾ ಜಾತಿಯ ಶಿಲೀಂಧ್ರ, ಬೆಚ್ಚಗಿನ ಒದ್ದೆ ಹವೆಯಲ್ಲಿ ಎಳೆಯ ಪೈನ್‌ಗಳನ್ನು ಕಾಡುವಂಥದ್ದು. ರೋಗದ ಸೂಜಿ ಕತ್ತರಿಸಿ ಸುಡಿ, ಗಿಡಗಳ ನಡುವೆ ಒಂದು ಮೊಳ ಅಂತರ ಬಿಡಿ, ಮೇಲಿನಿಂದ ನೀರು ಹಾಕಬೇಡಿ. ಔಷಧಿ ಹುಡುಕಿಕೊಂಡು ಪೇಟೆಗೆ ಹೋಗಬೇಕಿಲ್ಲ; ಅಡಿಕೆಯ ಕೊಳೆರೋಗಕ್ಕೆ ಮಾಡುವ ಶೇ. 1ರ ಬೋರ್ಡೋ ದ್ರಾವಣವೇ ಸಾಕು. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ಅರ್ಧರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಅಂದೇ ಸಿಂಪಡಿಸಿ, ಮಳೆಗೆ ಮುಂಚೆ ಒಮ್ಮೆ, 40 ದಿನ ಬಿಟ್ಟು ಇನ್ನೊಮ್ಮೆ. ಸಿಂಪಡಿಸುವಾಗ ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿ. ಒಳ್ಳೆಯ ಬೇರು ಶಿಲೀಂಧ್ರಕ್ಕೂ ತಾಮ್ರ ವಿಷವೇ.

ಮಾರ್ಚ್‌ನಿಂದ ಮೇ ನಡುವೆ ಸೂಜಿ ದೂಳು ಹಿಡಿದಂತೆ ಬೂದಾದರೆ ಬಿಳಿ ಕಾಗದದ ಮೇಲೆ ಕೊಂಬೆ ತಟ್ಟಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಜೇಡನುಸಿ. ಮೂರು ದಿನಕ್ಕೊಮ್ಮೆ ಬೆಳಗ್ಗೆ ಜೋರಾಗಿ ನೀರು ಹಾಯಿಸಿದರೆ ಬಹುಪಾಲು ಹೋಗುತ್ತದೆ.

ಸೂಜಿ ಉದ್ದ, ಒಳಗೆ ಬೋಳು

ಚಿರ್ ಪೈನ್ ಸೂಜಿಯನ್ನು ಎರಡಂಗುಲಕ್ಕೆ ಇಳಿಸುವ ಆಸೆ ಬಿಟ್ಟುಬಿಡಿ. ಪೂರ್ತಿ ಬಿಸಿಲು, ಸುಳಿ ಬಿಚ್ಚುವ ಆರು ವಾರ ಕಡಿಮೆ ನೀರು, ಆ ಹೊತ್ತಿನಲ್ಲಿ ಹಿಂಡಿ ಗೊಬ್ಬರ ಇಲ್ಲ, ತುಂಬಿದ ಬೇರು, ಹೆಚ್ಚು ಕವಲು ಇವೆಲ್ಲ ಕೂಡಿದರೆ ಕಾಲಕ್ರಮದಲ್ಲಿ ಅರ್ಧದಷ್ಟಾಗಬಹುದು. ಹಾಗಾಗಿ ಗಿಡವನ್ನೇ 60ರಿಂದ 90 ಸೆಂ.ಮೀ. ಎತ್ತರಕ್ಕೆ ಯೋಜಿಸಿ, ಕೊಂಬೆಗಳ ನಡುವೆ ಹೆಚ್ಚು ಜಾಗ ಬಿಡಿ. ಜಪಾನಿನ ಕಪ್ಪು ಪೈನ್‌ಗೆ ಹೇಳುವ ಹಾಗೆ ಸುಳಿಗಳನ್ನೆಲ್ಲ ಒಂದೇ ಸಲ ಕತ್ತರಿಸುವ ಕ್ರಮವನ್ನು ಸೊರಗಿದ ಗಿಡದ ಮೇಲೆ ಪ್ರಯೋಗಿಸಬೇಡಿ.

ಒಳಗೆ ಮೊಗ್ಗು ಬರಲು ಬೆಳಕು ಬೇಕು, ಹಿಂದೆ ಸೂಜಿ ಇರಬೇಕು. ಚಿರ್ ಈ ವಿಷಯದಲ್ಲಿ ಉದಾರಿ: ಬೆಂಕಿಗೆ ಸಿಕ್ಕಿದ ಎಳೆಯ ಮರ ಕಾಂಡದಿಂದಲೇ ಮತ್ತೆ ಚಿಗುರುವಂಥದ್ದು, ಕುಂಡದಲ್ಲೂ ಗಟ್ಟಿಯಾಗಿ ಸವರಿದರೆ ಹಳೆಯ ಕಟ್ಟಿಗೆಯಿಂದ ಮೊಗ್ಗು ಹೊಡೆಯುತ್ತದೆ. ಆ ಚಿಗುರಿನ ಎಲೆಗಳು ಒಂಟಿಯಾಗಿ, ಗಿಡ್ಡವಾಗಿ, ನೀಲಿಬೂದು ಬಣ್ಣದಲ್ಲಿರುತ್ತವೆ. ರೋಗವೆಂದು ಕಿತ್ತುಹಾಕಬೇಡಿ, ಅದು ಮರಿಸಸಿಯ ಎಲೆ. ಬೆಳೆಯಲು ಬಿಟ್ಟರೆ ಒಂದೆರಡು ವರ್ಷದಲ್ಲಿ ಮೂರೆಳೆಯ ಸೂಜಿ ಬರುತ್ತದೆ.

ಕೊಂಬೆ ಸತ್ತೇ ಹೋಗಿದ್ದರೆ

ಬುಡಕ್ಕೆ ಸಮನಾಗಿ ಕತ್ತರಿಸುವ ಮೊದಲು ಅದನ್ನು ಒಣಕಟ್ಟಿಗೆಯಾಗಿ ಉಳಿಸಿಕೊಳ್ಳಬಹುದೇ ನೋಡಿ. ಪೈನ್‌ನ ಒಣ ಕೊಂಬೆಯಲ್ಲಿ ರಾಳ ಇರುವುದರಿಂದ ಬಾಳಿಕೆ ಬರುತ್ತದೆ. ಜೀವಂತ ತೊಗಟೆ ಎಲ್ಲಿ ಮುಗಿಯುತ್ತದೋ ಅಲ್ಲಿ ಚೂಪಾದ ಚಾಕುವಿನಿಂದ ಸುತ್ತ ಗೆರೆ ಹಾಕಿ, ಅದರಾಚೆಯ ತೊಗಟೆಯನ್ನು ಇಕ್ಕಳದಿಂದ ಹಿಸುಕಿ ಸುಲಿಯಿರಿ. ತುದಿಯನ್ನು ಕತ್ತರಿಯಿಂದ ಕತ್ತರಿಸದೆ ಇಕ್ಕಳದಲ್ಲಿ ಎಳೆ ಎಳೆಯಾಗಿ ಸಿಗಿಯಿರಿ. ಇದನ್ನು ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ಮಾಡಿ, ಎರಡು ವಾರ ಒಣಗಿಸಿ, ಸುಣ್ಣ-ಗಂಧಕದ ದ್ರಾವಣವನ್ನು ಬ್ರಷ್‌ನಿಂದ ಹಚ್ಚಿ. ಆಗ ಮಣ್ಣಿಗೆ ಬಟ್ಟೆ ಮುಚ್ಚಿರಲಿ. ತೀರ್ಥಹಳ್ಳಿ, ಆಗುಂಬೆ ಕಡೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ನಿಂತ ಮೇಲೆ ಹಚ್ಚಬೇಕಾಗುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಮಳೆಗೆ ಮುಂಚಿನ ಒಂದು ಸಲ ಸಾಕು.